ಗರ್ಭಕಂಠದ ಕ್ಯಾನ್ಸರಿಗೆ ಕೋಶ ಚಿಕಿತ್ಸೆ: ಯಾವ ಕೋಶ, ಯಾವ ಗುರಿ?

ಗರ್ಭಕಂಠದ ಕ್ಯಾನ್ಸರ್ ಒಮ್ಮೆ ವಾಸಿಯಾಯಿತು ಎನ್ನಿಸಿಕೊಂಡು, ವರ್ಷವೋ ಎರಡು ವರ್ಷವೋ ಕಳೆದ ಮೇಲೆ ಶ್ವಾಸಕೋಶದಲ್ಲೋ ಹೊಟ್ಟೆಯೊಳಗಿನ ದುಗ್ಧಗ್ರಂಥಿಗಳಲ್ಲೋ ಮತ್ತೆ ಕಾಣಿಸಿಕೊಂಡಾಗ, ಮನೆಯವರಲ್ಲಿ ಯಾರಾದರೊಬ್ಬರು ಮೊಬೈಲ್ ಹಿಡಿದು ಹುಡುಕಲು ಕೂರುತ್ತಾರೆ. ಹಾಗೆ ಕೂತವರ ಕಣ್ಣಿಗೆ ಈಗ ತಪ್ಪದೆ ಬೀಳುವ ಮಾತು ‘ಇಮ್ಯೂನ್ ಸೆಲ್ ಥೆರಪಿ’. ನಿಮ್ಮದೇ ರಕ್ತ, ನಿಮ್ಮದೇ ಕೋಶ, ಕೂದಲು ಉದುರುವುದಿಲ್ಲ, ವಾಂತಿಯಿಲ್ಲ, ಆಸ್ಪತ್ರೆಯಲ್ಲಿ ಮಲಗಬೇಕಾಗಿಲ್ಲ ಎಂಬ ಒಕ್ಕಣೆಯ ಜಾಹೀರಾತುಗಳ ಪಕ್ಕದಲ್ಲೇ, ದೇಹವೆಲ್ಲ ಹರಡಿದ್ದ ಗರ್ಭಕಂಠದ ಕ್ಯಾನ್ಸರ್ ಅಮೆರಿಕದಲ್ಲಿ ಇಬ್ಬರು ಮಹಿಳೆಯರಲ್ಲಿ ಪೂರ್ತಿ ಮಾಯವಾಯಿತು ಎಂಬ ಸುದ್ದಿಯೂ ಸಿಗುತ್ತದೆ. ಆ ಸುದ್ದಿ ನಿಜ. ಆದರೆ ಆ ಇಬ್ಬರಿಗೆ ಕೊಟ್ಟ ಕೋಶಗಳಿಗೂ ಜಾಹೀರಾತಿನಲ್ಲಿ ಮಾರಾಟಕ್ಕಿರುವ ಕೋಶಗಳಿಗೂ ಹೆಸರನ್ನು ಬಿಟ್ಟರೆ ಹೇಳಿಕೊಳ್ಳುವಂಥ ನಂಟಿಲ್ಲ. ಅವರಿಗೆ ಕೂದಲು ಉದುರುವಂಥ ಕೀಮೋಥೆರಪಿಯನ್ನೂ ಕೊಡಲಾಗಿತ್ತು, ಆಸ್ಪತ್ರೆಯ ಹಾಸಿಗೆಯೂ ತಪ್ಪಿರಲಿಲ್ಲ.

ಕೋಶ ಚಿಕಿತ್ಸೆ ಎನ್ನುವುದು ಒಂದು ಔಷಧದ ಹೆಸರಲ್ಲ, ಒಂದು ದೊಡ್ಡ ಕುಟುಂಬದ ಹೆಸರು. ಅದರಲ್ಲಿ ಗರ್ಭಕಂಠದ ಕ್ಯಾನ್ಸರಿನ ಮೇಲೆ ಕೆಲಸ ಮಾಡಿ ತೋರಿಸಿದ ಸದಸ್ಯರು ಇಬ್ಬರೇ. ಅವರು ಯಾರು ಎಂದು ತಿಳಿಯಲು ಈ ಕ್ಯಾನ್ಸರಿನ ಹುಟ್ಟಿನಿಂದಲೇ ಆರಂಭಿಸಬೇಕು.

ಬಹುತೇಕ ಕ್ಯಾನ್ಸರುಗಳು ನಮ್ಮದೇ ಕೋಶಗಳು ಹಾದಿ ತಪ್ಪಿದ್ದರ ಫಲ. ಹಾಗಾಗಿ ರೋಗನಿರೋಧಕ ವ್ಯವಸ್ಥೆಗೆ ಅವು ಪೂರ್ತಿ ಪರಕೀಯವಾಗಿ ಕಾಣುವುದಿಲ್ಲ. ಗರ್ಭಕಂಠದ ಕ್ಯಾನ್ಸರಿನ ಕಥೆ ಬೇರೆ. ಅದರ ಹೆಚ್ಚುಕಡಿಮೆ ಎಲ್ಲ ಪ್ರಕರಣಗಳ ಹಿಂದೆ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ ಇದೆ. ಜರ್ಮನಿಯ ಹೆರಾಲ್ಡ್ ಸೂರ್ ಹೌಸೆನ್ ತಂಡ 1983 ಮತ್ತು 1984ರಲ್ಲಿ ಗಡ್ಡೆಗಳಿಂದ ಬೇರ್ಪಡಿಸಿ ತೋರಿಸಿದ 16 ಮತ್ತು 18ನೇ ತಳಿಗಳೇ ಸುಮಾರು ಶೇ 70ರಷ್ಟು ಪ್ರಕರಣಗಳಿಗೆ ಕಾರಣ. ಈ ಕೆಲಸಕ್ಕಾಗಿ 2008ರಲ್ಲಿ ಅವರಿಗೆ ನೊಬೆಲ್ ಬಂತು. ವೈರಸ್ಸಿನ ಇ6 ಮತ್ತು ಇ7 ಎಂಬ ಎರಡು ಪ್ರೊಟೀನುಗಳು ಕೋಶದ ಎರಡು ಕಾವಲುಗಾರರನ್ನು ಕೆಡವುತ್ತವೆ. ಡಿಎನ್‌ಎ ಕೆಟ್ಟಾಗ ಕೋಶವನ್ನು ನಿಲ್ಲಿಸುವ ಪಿ53 ಪ್ರೊಟೀನನ್ನು ಇ6 ನಾಶಪಡಿಸುತ್ತದೆ, ಕೋಶವಿಭಜನೆಗೆ ತಡೆಯಾಗಿರುವ ಆರ್‌ಬಿ ಪ್ರೊಟೀನನ್ನು ಇ7 ನಿಷ್ಕ್ರಿಯಗೊಳಿಸುತ್ತದೆ. ಗಡ್ಡೆ ಎಷ್ಟೇ ಬೆಳೆಯಲಿ, ಎಲ್ಲಿಗೇ ಹರಡಲಿ, ಈ ಎರಡನ್ನು ತಯಾರಿಸುವುದನ್ನು ಅದು ಬಿಡುವಂತಿಲ್ಲ, ಬಿಟ್ಟರೆ ಅದೇ ಸಾಯುತ್ತದೆ. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಗರ್ಭಕಂಠದ ಗಡ್ಡೆಯಿಂದ ತೆಗೆದು, ಇಂದಿಗೂ ಲೋಕದ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿರುವ ಹೀಲಾ ಕೋಶಗಳಲ್ಲಿಯೂ 18ನೇ ತಳಿಯ ಈ ಪ್ರೊಟೀನುಗಳು ಇವತ್ತಿಗೂ ತಯಾರಾಗುತ್ತಿವೆ.

ಹೀಗೆ, ಆರೋಗ್ಯವಂತ ಕೋಶಗಳಲ್ಲಿ ಇರದ, ಗಡ್ಡೆ ಬಿಟ್ಟುಕೊಡಲಾಗದ ಗುರಿಯೊಂದು ಈ ಕ್ಯಾನ್ಸರಿನಲ್ಲಿ ತಾನಾಗಿಯೇ ಇದೆ. ಕೋಶ ಚಿಕಿತ್ಸೆ ಮಾಡುವವರಿಗೆ ಇದಕ್ಕಿಂತ ಅನುಕೂಲದ ಗುರಿ ಸಿಗುವುದು ಅಪರೂಪ. ಹಾಗಿದ್ದೂ ಈ ದಾರಿ ಅಂದುಕೊಂಡಷ್ಟು ನೇರವಾಗಿಲ್ಲ.

ಮೊದಲನೆಯ ವಿಧಾನದ ಹೆಸರು ಟಿಲ್: ಗಡ್ಡೆಯೊಳಕ್ಕೆ ತಾವಾಗಿಯೇ ನುಗ್ಗಿ ಕೂತಿರುವ ಲಿಂಫೋಸೈಟ್ ಎಂಬ ಬಿಳಿರಕ್ತಕೋಶಗಳು. ಅಮೆರಿಕದ ಬೆಥೆಸ್ಡಾದಲ್ಲಿರುವ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್‌ನ ಸ್ಟೀವನ್ ರೋಸೆನ್‌ಬರ್ಗ್ ತಂಡ 1988ರಲ್ಲೇ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನಲ್ಲಿ ಇವುಗಳ ಬಲವನ್ನು ತೋರಿಸಿತ್ತು. ಇದರ ಹಿಂದಿನ ತರ್ಕ ಸರಳ. ಗಡ್ಡೆಯನ್ನು ಗುರುತಿಸಬಲ್ಲ ಟಿ ಕೋಶಗಳು (ಲಿಂಫೋಸೈಟುಗಳ ಒಂದು ಬಗೆ) ರೋಗಿಯ ದೇಹದಲ್ಲಿ ಈಗಾಗಲೇ ಇದ್ದರೆ ಅವು ಗಡ್ಡೆಯೊಳಗೇ ಹೆಚ್ಚಾಗಿ ಸಿಗಬೇಕು. ಆದರೆ ಅಲ್ಲಿ ಅವು ಸಂಖ್ಯೆಯಲ್ಲಿ ಕಡಿಮೆ, ದಣಿದೂ ಇವೆ. ಅವುಗಳನ್ನು ಹೊರತೆಗೆದು, ಗಡ್ಡೆಯ ದಬ್ಬಾಳಿಕೆಯಿಲ್ಲದ ಜಾಗದಲ್ಲಿ ಸಾವಿರಾರು ಪಟ್ಟು ಬೆಳೆಸಿ ವಾಪಸ್ ಕಳಿಸಬೇಕು.

ಮಾಡುವ ಬಗೆ ಹೀಗಿದೆ. ಶಸ್ತ್ರಚಿಕಿತ್ಸಕರು ತೆಗೆದುಕೊಟ್ಟ ಗಡ್ಡೆಯ ತುಂಡನ್ನು ಪ್ರಯೋಗಾಲಯದಲ್ಲಿ ರಾಗಿಕಾಳಿನ ಗಾತ್ರದ, ಒಂದೆರಡು ಮಿಲಿಮೀಟರಿನ ಚೂರುಗಳಾಗಿ ಕತ್ತರಿಸುತ್ತಾರೆ. ಇಡ್ಲಿತಟ್ಟೆಯ ಕಿರಿಯ ರೂಪದಂತಿರುವ ಪ್ಲಾಸ್ಟಿಕ್ ತಟ್ಟೆಯ ಒಂದೊಂದು ಗುಳಿಗೆ ಒಂದೊಂದು ಚೂರು ಹಾಕಿ, ಇಂಟರ್‌ಲ್ಯೂಕಿನ್-2 ಎಂಬ ಬೆಳವಣಿಗೆಯ ಪ್ರೊಟೀನು ಬೆರೆಸಿದ ಕೆಂಪು ದ್ರವ ತುಂಬಿ, 37 ಡಿಗ್ರಿ ಶಾಖದಲ್ಲಿ ಇಡುತ್ತಾರೆ. ಚೂರಿನ ಅಂಚಿನಿಂದ ಟಿ ಕೋಶಗಳು ಹೊರಗೆ ತೆವಳಿ ಬಂದು ದ್ವಿಗುಣವಾಗುತ್ತ ಹೋದಂತೆ ದ್ರವ ಆಮ್ಲೀಯವಾಗಿ ಕೆಂಪಿನಿಂದ ಕಿತ್ತಳೆಗೆ, ಕಿತ್ತಳೆಯಿಂದ ಹಳದಿಗೆ ತಿರುಗುತ್ತದೆ. ಕೋಶಗಳು ಚೆನ್ನಾಗಿ ಬೆಳೆಯುತ್ತಿವೆಯೇ ಎಂದು ತಿಳಿಯಲು ಅಲ್ಲಿ ಕೆಲಸ ಮಾಡುವವರು ಮೊದಲು ನೋಡುವುದು ಈ ಬಣ್ಣವನ್ನೇ. ಕೆಲವು ಗುಳಿಗಳು ಹಳದಿಯಾಗುತ್ತವೆ, ಕೆಲವು ಕೊನೆಯವರೆಗೂ ಕೆಂಪಾಗಿಯೇ ಉಳಿಯುತ್ತವೆ. ಬೆಥೆಸ್ಡಾ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಯಾವ ಗುಳಿಯ ಕೋಶಗಳು ಇ6 ಅಥವಾ ಇ7 ಕಂಡಾಗ ಕೆರಳುತ್ತವೆ ಎಂದು ಪರೀಕ್ಷಿಸಿ, ಸಾಧ್ಯವಾದಾಗಲೆಲ್ಲ ಅವನ್ನೇ ಆರಿಸಿ ಬೆಳೆಸಿತು. ವಾರಗಳ ಕೊನೆಗೆ ಕೈಗೆ ಬರುವುದು ಸಾವಿರಾರು ಕೋಟಿ ಕೋಶಗಳಿರುವ ಒಂದು ಚೀಲ.

ಚೀಲ ಸಿದ್ಧವಾದ ಮಾತ್ರಕ್ಕೆ ಮುಗಿಯಲಿಲ್ಲ. ರೋಗಿಗೆ ಮೊದಲು ಸೈಕ್ಲೋಫಾಸ್ಫಮೈಡ್ ಮತ್ತು ಫ್ಲುಡಾರಬಿನ್ ಎಂಬ ಕೀಮೋ ಔಷಧಗಳನ್ನು ಕೊಟ್ಟು ದೇಹದಲ್ಲಿ ಈಗಾಗಲೇ ಇರುವ ಲಿಂಫೋಸೈಟುಗಳನ್ನು ಬಹುಪಾಲು ಅಳಿಸಿಹಾಕುತ್ತಾರೆ. ಹೊಲ ಹಸನು ಮಾಡದೆ ಬಿತ್ತಿದರೆ ಕಳೆಯೇ ಗೊಬ್ಬರ ತಿನ್ನುವ ಹಾಗೆ, ಹಳೆಯ ಕೋಶಗಳು ಇದ್ದಲ್ಲೇ ಇದ್ದರೆ ಹೊಸ ಕೋಶಗಳಿಗೆ ಬೇಕಾದ ಬೆಳವಣಿಗೆಯ ಅಂಶಗಳನ್ನೆಲ್ಲ ಅವೇ ಹೀರಿಕೊಳ್ಳುತ್ತವೆ. ಕೋಶಗಳನ್ನು ಹರಿಸಿದ ಮೇಲೆ ಅವುಗಳಿಗೆ ಬೆಂಬಲವಾಗಿ ಇಂಟರ್‌ಲ್ಯೂಕಿನ್-2ನ್ನು ದೊಡ್ಡ ಪ್ರಮಾಣದಲ್ಲಿ ಕೊಡಬೇಕು. ಅದು ರಕ್ತದೊತ್ತಡ ಕುಸಿಯುವಂತೆ, ರಕ್ತನಾಳಗಳಿಂದ ನೀರು ಸೋರುವಂತೆ, ಕಿಡ್ನಿಗಳು ಮಂದವಾಗುವಂತೆ ಮಾಡಬಲ್ಲ ಔಷಧ. ತೀವ್ರನಿಗಾ ಘಟಕ ಕೈಯಳತೆಯಲ್ಲಿ ಇಲ್ಲದ ಕಡೆ ಇದನ್ನು ಮಾಡುವಂತಿಲ್ಲ.

ಫಲಿತಾಂಶ ಏನು? 2015ರಲ್ಲಿ ಬೆಥೆಸ್ಡಾ ತಂಡದ ಸಂಜಾ ಸ್ಟೆವನೊವಿಚ್ ಮತ್ತು ಕ್ರಿಶ್ಚಿಯನ್ ಹಿನ್ರಿಕ್ಸ್ ಪ್ರಕಟಿಸಿದ ಮೊದಲ ವರದಿಯಲ್ಲಿ 9 ಮಹಿಳೆಯರಿದ್ದರು. ಮೂವರಲ್ಲಿ ಗಡ್ಡೆ ಕುಗ್ಗಿತು, ಅವರಲ್ಲಿ ಇಬ್ಬರಲ್ಲಿ ಪೂರ್ತಿ ಮಾಯವಾಯಿತು. 2019ರ ವಿಸ್ತೃತ ವರದಿಯ ಹೊತ್ತಿಗೆ ಗರ್ಭಕಂಠದ ಕ್ಯಾನ್ಸರಿನ ರೋಗಿಗಳ ಸಂಖ್ಯೆ 18ಕ್ಕೆ ಏರಿತ್ತು, ಸ್ಪಂದಿಸಿದವರು 5. ಮೊದಲ ಇಬ್ಬರು ಕ್ರಮವಾಗಿ 67 ಮತ್ತು 53 ತಿಂಗಳು ದಾಟಿಯೂ ರೋಗಮುಕ್ತರಾಗಿಯೇ ಇದ್ದರು. ಹರಡಿದ ಗರ್ಭಕಂಠದ ಕ್ಯಾನ್ಸರಿನಲ್ಲಿ ಐದು ವರ್ಷದ ಲೆಕ್ಕ ಹಾಕುವ ಸಂದರ್ಭವೇ ಬರುವುದು ಕಡಿಮೆ ಎಂಬುದನ್ನು ಬಲ್ಲವರಿಗೆ ಈ ಸಂಖ್ಯೆಯ ತೂಕ ಗೊತ್ತಾಗುತ್ತದೆ. ಹೋಲಿಕೆಗೆ ಹೇಳುವುದಾದರೆ, ಕೀಮೋ ಫಲಿಸದೆ ಮರುಕಳಿಸಿದವರಲ್ಲಿ ನಡೆದ ಸೆಮಿಪ್ಲಿಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧದ ದೊಡ್ಡ ಪ್ರಯೋಗ ಸರಾಸರಿ ಬದುಕನ್ನು 8.5 ತಿಂಗಳಿನಿಂದ 12 ತಿಂಗಳಿಗೆ ಏರಿಸಿದ್ದನ್ನೇ ಮುನ್ನಡೆ ಎಂದು ಪರಿಗಣಿಸಲಾಯಿತು. ಹಾಗೆಂದು 18 ಜನರಲ್ಲಿ 13 ಜನಕ್ಕೆ ಇಷ್ಟೆಲ್ಲ ಕಷ್ಟಪಟ್ಟೂ ಫಲ ಸಿಗಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಜಾಹೀರಾತುಗಳು ಮರೆಯುವುದು ಇದನ್ನೇ.

ಇಲ್ಲಿ ವಿಜ್ಞಾನಿಗಳನ್ನೇ ಗಲಿಬಿಲಿಗೊಳಿಸಿದ ಸಂಗತಿಯೊಂದಿದೆ. ಗುಣವಾದ ಆ ಇಬ್ಬರಿಗೆ ಕೊಟ್ಟ ಕೋಶಗಳು ನಿಜಕ್ಕೂ ಏನನ್ನು ಗುರುತಿಸುತ್ತಿದ್ದವು ಎಂದು ಅದೇ ತಂಡ ಬಿಡಿಸಿ ನೋಡಿ 2017ರಲ್ಲಿ ವರದಿ ಮಾಡಿತು. ವೈರಸ್ಸಿನ ಪ್ರೊಟೀನುಗಳನ್ನು ಹುಡುಕುವ ಕೋಶಗಳು ಇದ್ದವು, ನಿಜ. ಆದರೆ ಆರಿಸುವಾಗ ಯಾರೂ ಗುರಿಯಿಡದಿದ್ದ ಬೇರೆ ಕೋಶಗಳು ಅವಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿದ್ದವು: ಆ ಗಡ್ಡೆಗೇ ವಿಶಿಷ್ಟವಾದ ರೂಪಾಂತರಗಳನ್ನು ಗುರುತಿಸುವಂಥವು, ಸಾಮಾನ್ಯವಾಗಿ ಸಂತಾನೋತ್ಪತ್ತಿಯ ಅಂಗಾಂಶದಲ್ಲಿ ಮಾತ್ರ ಇದ್ದು ಕ್ಯಾನ್ಸರಿನಲ್ಲಿ ಮತ್ತೆ ತಲೆಯೆತ್ತುವ ಪ್ರೊಟೀನುಗಳನ್ನು ಹುಡುಕುವಂಥವು. ವೈರಸ್ಸನ್ನು ಹುಡುಕಲು ಹೋದವರಿಗೆ ಗಡ್ಡೆಯ ಇನ್ನೊಂದು ಗುರುತು ಸಿಕ್ಕಿತ್ತು. ಸೋಲಿನ ವರದಿಗಳಿಗಿಂತ ಗೆಲುವಿನ ಈ ಒಳವಿವರವೇ ಕ್ಷೇತ್ರಕ್ಕೆ ಹೆಚ್ಚು ಕಲಿಸಿದೆ ಎಂದು ನನಗೆ ಅನ್ನಿಸುತ್ತದೆ.

ಟಿಲ್ ಚಿಕಿತ್ಸೆ ಸಂಶೋಧನಾಲಯದಿಂದ ಕಾರ್ಖಾನೆಗೂ ಬಂದಿದೆ. ಅಮೆರಿಕದ ಅಯೋವಾನ್ಸ್ ಕಂಪನಿ ಉತ್ಪಾದನೆಯ ಅವಧಿಯನ್ನು 22 ದಿನಕ್ಕೆ ಇಳಿಸಿ, ಗರ್ಭಕಂಠದ ಕ್ಯಾನ್ಸರ್ ಮರುಕಳಿಸಿದ 27 ಮಹಿಳೆಯರಲ್ಲಿ ಶೇ 44ರಷ್ಟು ಸ್ಪಂದನೆ ಕಂಡಿದ್ದಾಗಿ 2019ರಲ್ಲಿ ವರದಿ ಮಾಡಿತು. ಆದರೆ 2024ರ ಫೆಬ್ರುವರಿಯಲ್ಲಿ ಅದರ ಲಿಫಿಲ್ಯೂಸೆಲ್ ಎಂಬ ಟಿಲ್ ಚಿಕಿತ್ಸೆಗೆ ಅಮೆರಿಕದ ಔಷಧ ನಿಯಂತ್ರಕರಿಂದ ಸಿಕ್ಕ ಅನುಮೋದನೆ ಮೆಲನೋಮಾಕ್ಕೆ ಮಾತ್ರ. ಆಗ ಒಬ್ಬ ರೋಗಿಗೆ ಬೆಲೆ 5,15,000 ಡಾಲರ್ ಇತ್ತು, ಅಂದರೆ ನಾಲ್ಕು ಕೋಟಿ ರೂಪಾಯಿಗೂ ಮೇಲೆ. ಆಸ್ಪತ್ರೆಯ ಖರ್ಚು ಬೇರೆ.

ಎರಡನೆಯ ವಿಧಾನ ಅದೃಷ್ಟವನ್ನು ನಂಬುವುದಿಲ್ಲ. ಗಡ್ಡೆಯೊಳಗೆ ಒಳ್ಳೆಯ ಕೋಶ ಸಿಗಲಿ ಎಂದು ಕಾಯುವ ಬದಲು, ರೋಗಿಯ ರಕ್ತದ ಸಾಮಾನ್ಯ ಟಿ ಕೋಶಗಳಿಗೆ ಇ7ನ್ನು ಗುರುತಿಸುವ ಗ್ರಾಹಕದ (ರಿಸೆಪ್ಟರಿನ) ಜೀನ್ ತೂರಿಸಿದರೆ ಎಲ್ಲ ಕೋಶಗಳೂ ಒಂದೇ ಗುರಿಯ ಬೇಟೆಗಾರರಾಗುತ್ತವೆ. ಇದು ಟಿಸಿಆರ್-ಟಿ. ಹಿನ್ರಿಕ್ಸ್ ತಂಡ ಮೊದಲು ಇ6ರ ಮೇಲೆ ಪ್ರಯತ್ನಿಸಿದಾಗ 12 ರೋಗಿಗಳಲ್ಲಿ ಇಬ್ಬರಲ್ಲಷ್ಟೇ ಗಡ್ಡೆ ಭಾಗಶಃ ಕುಗ್ಗಿತು. ಇ7ರ ಮೇಲಿನ 2021ರ ವರದಿಯಲ್ಲಿ ಗರ್ಭಕಂಠವೂ ಸೇರಿ ಎಚ್‌ಪಿವಿಯಿಂದ ಬರುವ ವಿವಿಧ ಕ್ಯಾನ್ಸರುಗಳ 12 ರೋಗಿಗಳಿದ್ದರು, 6 ಮಂದಿ ಸ್ಪಂದಿಸಿದರು. ಇಮ್ಯುನೋಥೆರಪಿ ಔಷಧಗಳು ಆಗಲೇ ಕೈಕೊಟ್ಟಿದ್ದವರೂ ಇವರಲ್ಲಿದ್ದರು. ಘನ ಗಡ್ಡೆಗಳಲ್ಲಿ ಕೃತಕವಾಗಿ ರೂಪಿಸಿದ ಟಿ ಕೋಶಗಳಿಗೆ ಇಷ್ಟು ಯಶಸ್ಸು ಸಿಕ್ಕಿದ್ದು ಸಣ್ಣ ಮಾತಲ್ಲ.

ಆದರೆ ಇದಕ್ಕೊಂದು ಬೀಗವಿದೆ. ಇ7 ಇರುವುದು ಕೋಶದ ಒಳಗೆ. ಅದರ ಚೂರೊಂದನ್ನು ಕೋಶದ ಹೊರಮೈಗೆ ತಂದು ಎತ್ತಿ ಹಿಡಿಯುವುದು ಎಚ್‌ಎಲ್‌ಎ ಎಂಬ ಪ್ರೊಟೀನು. ಟಿ ಕೋಶ ನೋಡುವುದು ಈ ಎರಡನ್ನೂ ಜೊತೆಯಾಗಿ. ಎಚ್‌ಎಲ್‌ಎ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಬೆಥೆಸ್ಡಾದ ಗ್ರಾಹಕ ಕೆಲಸ ಮಾಡುವುದು ಎ*02:01 ಎಂಬ ಬಗೆಯವರಲ್ಲಿ ಮಾತ್ರ. ಯುರೋಪ್ ಮೂಲದವರಲ್ಲಿ ಅದು ಹತ್ತಿರಹತ್ತಿರ ಅರ್ಧದಷ್ಟು ಜನರಲ್ಲಿದೆ. ಭಾರತೀಯರಲ್ಲಿ ಅದು ತೀರ ಕಡಿಮೆ, ಅದೇ ಗುಂಪಿನ ಎ*02:11 ನಮ್ಮಲ್ಲಿ ಹೆಚ್ಚು. ಅಂಕಿಯಲ್ಲಿ ಒಂದು ಸ್ಥಾನದ ವ್ಯತ್ಯಾಸ ಎನಿಸಬಹುದು, ಆದರೆ ಟಿ ಕೋಶದ ಮಟ್ಟಿಗೆ ಒಂದೆರಡು ಅಮೈನೋ ಆಮ್ಲಗಳ ವ್ಯತ್ಯಾಸವೂ ಬಾಗಿಲು ತೆರೆಯದಿರಲು ಸಾಕು. ಇನ್ನೊಂದು ಬದಿಯಿಂದ ಗಡ್ಡೆಯೂ ಸುಮ್ಮನಿರುವುದಿಲ್ಲ. ಸ್ಪಂದಿಸದ ರೋಗಿಗಳ ಗಡ್ಡೆಗಳನ್ನು ಪರೀಕ್ಷಿಸಿದಾಗ, ಕೆಲವು ಎಚ್‌ಎಲ್‌ಎಯನ್ನೇ ಕಳಚಿಹಾಕಿದ್ದವು, ಕೆಲವು ಟಿ ಕೋಶಗಳ ಸಂದೇಶವಾದ ಇಂಟರ್‌ಫೆರಾನ್-ಗಾಮಾಕ್ಕೆ ಕಿವುಡಾಗಿದ್ದವು. ಇ7ನ್ನು ಬಿಡಲಾಗದ ಕೋಶ ಇ7ನ್ನು ತೋರಿಸುವ ಕೈಯನ್ನು ಕತ್ತರಿಸಿಕೊಳ್ಳುತ್ತದೆ.

ಇಲ್ಲಿ ಓದುಗರು ಕೇಳಬಹುದಾದ ಪ್ರಶ್ನೆ: ಟಿ ಕೋಶಗಳಿಗೆ ಕೃತಕ ಗ್ರಾಹಕ ತೊಡಿಸುವ ಕಾರ್-ಟಿ ಭಾರತದಲ್ಲೇ ತಯಾರಾಗುತ್ತಿದೆಯಲ್ಲ, ಅದು ಆಗದೆ? ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿ, ಇಮ್ಯುನೋಆಕ್ಟ್ ಕಂಪನಿಯ ಮೂಲಕ ಬಂದ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿತು. 2025ರ ಜನವರಿಯಲ್ಲಿ ಬೆಂಗಳೂರಿನ ಇಮ್ಯುನೀಲ್ ಕಂಪನಿಯ ಕಾರ್ಟೆಮಿ ಬಂತು. ಅಮೆರಿಕದ ಬೆಲೆಯ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ ಇದನ್ನು ಮಾಡಬಹುದೆಂದು ತೋರಿಸಿದ್ದು ನಿಜಕ್ಕೂ ಹೆಮ್ಮೆಯ ಕೆಲಸ. ಆದರೆ ಇವೆರಡೂ ರಕ್ತದ ಕ್ಯಾನ್ಸರುಗಳಿಗೆ. ಅವು ಹುಡುಕುವುದು ಬಿ ಕೋಶಗಳ ಹೊರಮೈಯಲ್ಲಿರುವ ಸಿಡಿ19 ಎಂಬ ಗುರುತನ್ನು. ಕ್ಯಾನ್ಸರಿನ ಜೊತೆ ಆರೋಗ್ಯವಂತ ಬಿ ಕೋಶಗಳು ಅಳಿದರೂ ಮನುಷ್ಯ ಬದುಕಬಲ್ಲ. ಕಾರ್ ಗ್ರಾಹಕ ಕೋಶದ ಹೊರಮೈಯನ್ನು ಮಾತ್ರ ನೋಡಬಲ್ಲದು, ಒಳಗಿರುವ ಇ6, ಇ7 ಅದಕ್ಕೆ ಕಾಣುವುದಿಲ್ಲ. ಗರ್ಭಕಂಠದ ಗಡ್ಡೆಯ ಮೇಲಿರುವ ಹೊರಮೈ ಗುರುತುಗಳು ಬೇರೆ ಆರೋಗ್ಯವಂತ ಅಂಗಗಳಲ್ಲಿಯೂ ಇರುವುದರಿಂದ ಅವುಗಳ ಮೇಲೆ ಟಿ ಕೋಶಗಳನ್ನು ಛೂ ಬಿಡುವುದು ಅಪಾಯಕಾರಿ.

ಈಗ ಜಾಹೀರಾತಿನ ಕೋಶಗಳಿಗೆ ಬರೋಣ. ಅಲ್ಲಿ ಸಾಮಾನ್ಯವಾಗಿ ಮಾರುವುದು ಎನ್‌ಕೆ ಕೋಶ, ಸಿಐಕೆ ಕೋಶ ಅಥವಾ ಡೆಂಡ್ರಿಟಿಕ್ ಕೋಶ ಎಂಬ ಬೇರೆ ಬಗೆಯ ರೋಗನಿರೋಧಕ ಕೋಶಗಳನ್ನು. ರಕ್ತ ತೆಗೆದು, ಎರಡು ವಾರ ಬೆಳೆಸಿ, ಡ್ರಿಪ್ ಮೂಲಕ ವಾಪಸ್ ಹಾಕುತ್ತಾರೆ. ಎನ್‌ಕೆ ಕೋಶದ ಹಿಂದಿನ ವಿಚಾರ ಹುರುಳಿಲ್ಲದ್ದಲ್ಲ. ಎಚ್‌ಎಲ್‌ಎ ಕಳಚಿಕೊಂಡು ಟಿ ಕೋಶಗಳ ಕಣ್ಣು ತಪ್ಪಿಸುವ ಗಡ್ಡೆಯನ್ನು ಕೊಲ್ಲುವುದೇ ಅವುಗಳ ಸಹಜ ಗುಣ. ಆದರೆ ತರ್ಕ ಸರಿಯಿರುವುದು ಒಂದು ವಿಷಯ, ಹರಡಿದ ಗರ್ಭಕಂಠದ ಕ್ಯಾನ್ಸರಿನಲ್ಲಿ ರೋಗಿಗಳ ಆಯುಷ್ಯ ಹೆಚ್ಚಿತೆಂದು ಸರಿಯಾದ ಪ್ರಯೋಗದಲ್ಲಿ ತೋರಿಸುವುದು ಇನ್ನೊಂದು. ಆ ಎರಡನೆಯದು ಇನ್ನೂ ಆಗಿಲ್ಲ. ಜಪಾನಿನಲ್ಲಿ 2014ರಿಂದ ಜಾರಿಯಲ್ಲಿರುವ ಪುನರುತ್ಪಾದಕ ವೈದ್ಯಕೀಯ ಕಾನೂನಿನಡಿ ಖಾಸಗಿ ಕ್ಲಿನಿಕ್ಕುಗಳು ಯೋಜನೆ ಸಲ್ಲಿಸಿ ಇಂಥ ಚಿಕಿತ್ಸೆಗಳನ್ನು ಹಣ ಪಡೆದು ಕೊಡಬಹುದು. ‘ಸರಕಾರದಲ್ಲಿ ನೋಂದಾಯಿತ’ ಎಂಬ ಮಾತು ಬರುವುದು ಅಲ್ಲಿಂದ, ಆದರೆ ಆ ನೋಂದಣಿ ಚಿಕಿತ್ಸೆ ಫಲಿಸುತ್ತದೆ ಎಂಬುದರ ಪ್ರಮಾಣಪತ್ರವಲ್ಲ. ಚೀನಾ ಈ ಪಾಠವನ್ನು ಕಠೋರವಾಗಿ ಕಲಿತಿದೆ. ಅಪರೂಪದ ಕ್ಯಾನ್ಸರಿದ್ದ 21 ವರ್ಷದ ವಿದ್ಯಾರ್ಥಿಯೊಬ್ಬ ಬೈದು ಹುಡುಕುತಾಣದ ಜಾಹೀರಾತು ನಂಬಿ, ಬೀಜಿಂಗಿನ ಆಸ್ಪತ್ರೆಯೊಂದರಲ್ಲಿ ಸಿಐಕೆ ಮಾದರಿಯ ಕೋಶ ಚಿಕಿತ್ಸೆಗೆ ಕುಟುಂಬದ ಎರಡು ಲಕ್ಷ ಯುವಾನ್‌ಗೂ ಹೆಚ್ಚು ಹಣ ಸುರಿದು, 2016ರ ಏಪ್ರಿಲಿನಲ್ಲಿ ತೀರಿಕೊಂಡ. ದೇಶವೇ ಕೆರಳಿತು, ಮರುತಿಂಗಳೇ ಅಲ್ಲಿನ ಆರೋಗ್ಯ ಇಲಾಖೆ ಇಂಥ ಚಿಕಿತ್ಸೆಗಳನ್ನು ಸಂಶೋಧನೆಗಷ್ಟೇ ಸೀಮಿತಗೊಳಿಸಿತು.

ಭಾರತದಲ್ಲಿ ರೋಗಿಯ ಕೈಯಲ್ಲಿರುವ ಸರಳ ಅಳತೆಗೋಲು ಕ್ಲಿನಿಕಲ್ ಟ್ರಯಲ್ ನೋಂದಣಿ ಸಂಖ್ಯೆ. ಅನುಮೋದನೆ ಸಿಗದ ಕೋಶ ಚಿಕಿತ್ಸೆಯನ್ನು ಪ್ರಯೋಗವೆಂದು ಕೊಡುವುದಾದರೆ ಅದು ಸಿಟಿಆರ್‌ಐ ಎಂಬ ರಾಷ್ಟ್ರೀಯ ದಾಖಲೆಯಲ್ಲಿರಬೇಕು, ನೈತಿಕ ಸಮಿತಿಯ ಒಪ್ಪಿಗೆ ಇರಬೇಕು, 2019ರ ನಿಯಮಗಳ ಪ್ರಕಾರ ಪ್ರಯೋಗದಿಂದ ಆದ ಹಾನಿಗೆ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು. ಪ್ರಯೋಗವೂ ಹೌದು, ಲಕ್ಷಗಟ್ಟಲೆ ಶುಲ್ಕವೂ ಹೌದು ಎಂದರೆ ಅಲ್ಲಿಂದ ಎದ್ದು ಬರಬಹುದು. ಯಾವ ಕೋಶ, ಅದು ಗಡ್ಡೆಯಲ್ಲಿ ಏನನ್ನು ಗುರುತಿಸುತ್ತದೆ, ಹರಿಸುವ ಮುನ್ನ ದೇಹವನ್ನು ಹೇಗೆ ಸಿದ್ಧಪಡಿಸುತ್ತೀರಿ, ಇದೇ ಕ್ಯಾನ್ಸರಿನ ಎಷ್ಟು ಜನರಲ್ಲಿ ಎಷ್ಟು ಜನಕ್ಕೆ ಫಲಿಸಿದೆ ಎಂದು ಕೇಳಿದಾಗ, ‘ಇಮ್ಯುನಿಟಿ ಹೆಚ್ಚುತ್ತದೆ’ ಎಂಬ ಉತ್ತರವಷ್ಟೇ ಸಿಕ್ಕರೆ ಅದು ಉತ್ತರವಲ್ಲ.

ನಮ್ಮ ರೋಗಿಗಳ ದೇಹಸ್ಥಿತಿಯ ವಿಷಯವನ್ನು ವಿದೇಶಿ ವರದಿಗಳಲ್ಲಿ ಕಾಣುವುದು ಕಷ್ಟ. 2022ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷ ಸುಮಾರು 1,27,000 ಮಹಿಳೆಯರಲ್ಲಿ ಈ ಕ್ಯಾನ್ಸರ್ ಪತ್ತೆಯಾಯಿತು, ಸುಮಾರು 80,000 ಮಂದಿ ಸತ್ತರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 30ರಿಂದ 49 ವರ್ಷದ ಮಹಿಳೆಯರಲ್ಲಿ ಜೀವನದಲ್ಲಿ ಒಮ್ಮೆಯಾದರೂ ಇದರ ತಪಾಸಣೆ ಮಾಡಿಸಿಕೊಂಡವರು ಶೇ 2ಕ್ಕಿಂತ ಕಡಿಮೆ. ಹೀಗಾಗಿ ರೋಗ ಆಸ್ಪತ್ರೆಗೆ ಬರುವುದೇ ತಡವಾಗಿ. ಗಡ್ಡೆ ಪಕ್ಕಕ್ಕೆ ಬೆಳೆದು ಮೂತ್ರನಾಳಗಳನ್ನು ಒತ್ತಿ, ಕಿಡ್ನಿ ಊದಿಕೊಂಡು, ಕ್ರಿಯಾಟಿನಿನ್ ಏರಿದ ಸ್ಥಿತಿಯಲ್ಲಿ ಬರುವ ಮಹಿಳೆಯರನ್ನು ಇಲ್ಲಿನ ಕ್ಯಾನ್ಸರ್ ವೈದ್ಯರು ದಿನನಿತ್ಯ ನೋಡುತ್ತಾರೆ. ಫ್ಲುಡಾರಬಿನ್ ದೇಹದಿಂದ ಹೊರಹೋಗುವುದು ಕಿಡ್ನಿಯ ಮೂಲಕ, ಇಂಟರ್‌ಲ್ಯೂಕಿನ್-2 ಏಟು ಕೊಡುವುದೂ ಕಿಡ್ನಿಗೇ. ಕಿಡ್ನಿ ಕೆಟ್ಟವರಿಗೆ ಟಿಲ್ ಉಚಿತವಾಗಿ ಸಿಕ್ಕರೂ ಕೊಡುವಂತಿಲ್ಲ. ಬೆಥೆಸ್ಡಾದ ಪ್ರಯೋಗಗಳಲ್ಲಿದ್ದವರು ಅಂಗಾಂಗಗಳು ಸರಿಯಿದ್ದು ಆಯ್ಕೆಯಾದವರು ಎಂಬುದನ್ನು ನೆನಪಿಟ್ಟುಕೊಂಡೇ ಆ ಅಂಕಿಗಳನ್ನು ಓದಬೇಕು.

ಇದೇ ಕಾರಣಕ್ಕೆ ಇತ್ತೀಚಿನ ವರ್ಷಗಳ ನನ್ನ ಮಟ್ಟಿನ ದೊಡ್ಡ ಸುದ್ದಿ ಕೋಶ ಚಿಕಿತ್ಸೆಯದಲ್ಲ. ಇಂಟರ್‌ಲೇಸ್ ಎಂಬ, 500 ಮಹಿಳೆಯರು ಭಾಗವಹಿಸಿದ ಪ್ರಯೋಗದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ರೇಡಿಯೇಷನ್ ಆರಂಭಿಸುವ ಮುನ್ನ ಆರು ವಾರ, ವಾರಕ್ಕೊಮ್ಮೆ ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧಗಳನ್ನು ಕೊಟ್ಟರೆ, ಐದು ವರ್ಷ ಬದುಕುಳಿಯುವವರ ಪ್ರಮಾಣ ಶೇ 72ರಿಂದ ಶೇ 80ಕ್ಕೆ ಏರಿತು. ಎರಡೂ ಹಳೆಯ, ಪೇಟೆಂಟ್ ಮುಗಿದ, ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲೂ ಸಿಗುವ ಔಷಧಗಳು. ರೇಡಿಯೇಷನ್ ಜೊತೆ ಪೆಂಬ್ರೊಲಿಜುಮ್ಯಾಬ್ ಎಂಬ ದುಬಾರಿ ಇಮ್ಯುನೋಥೆರಪಿ ಸೇರಿಸಿದ ಮತ್ತೊಂದು ಪ್ರಯೋಗದಲ್ಲಿ ಮೂರು ವರ್ಷದ ಬದುಕುಳಿವು ಶೇ 74.8ರಿಂದ 82.6ಕ್ಕೆ ಏರಿದ್ದರ ಪಕ್ಕದಲ್ಲಿ ಇದನ್ನಿಟ್ಟು ನೋಡಬೇಕು. ರೋಗಿಗಳೂ ಅವಧಿಯೂ ಬೇರೆಬೇರೆಯಾದ್ದರಿಂದ ನೇರ ಹೋಲಿಕೆ ಸಲ್ಲದು, ಆದರೆ ಖರ್ಚಿನ ಅಂತರ ಮಾತ್ರ ಕಣ್ಣಿಗೆ ರಾಚುವಂಥದ್ದು.

ಹಾಗಿದ್ದರೆ ಕೋಶ ಚಿಕಿತ್ಸೆಯಲ್ಲಿ ನಾವು ಮಾಡುವುದೇನೂ ಇಲ್ಲವೇ ಎಂದರೆ, ಇದೆ. ಅದು ಆಮದಿನ ಕೆಲಸವಲ್ಲ. ಕೋಶ ಬೆಳೆಸುವ ಶುದ್ಧಕೋಣೆಗಳು ಮತ್ತು ಅದನ್ನು ಬಲ್ಲ ಕೈಗಳು ಮುಂಬೈಯಲ್ಲೂ ಬೆಂಗಳೂರಿನಲ್ಲೂ ಈಗ ಇವೆ. ಕೊರತೆಯಿರುವುದು ನಮ್ಮ ಜನರಲ್ಲಿ ಸಾಮಾನ್ಯವಾದ ಎ*11:01, ಎ*24:02, ಎ*02:11ರಂಥ ಎಚ್‌ಎಲ್‌ಎ ಬಗೆಗಳ ಜೊತೆ ಇ6, ಇ7 ಚೂರುಗಳನ್ನು ಗುರುತಿಸಬಲ್ಲ ಗ್ರಾಹಕಗಳದ್ದು. ಅಂಥ ಗ್ರಾಹಕಗಳು ಸಿಗಬೇಕಾದರೆ ಅಂಥ ಮಹಿಳೆಯರ ಗಡ್ಡೆಯ ಚೂರುಗಳಲ್ಲೇ ಹುಡುಕಬೇಕು. ಬೆಥೆಸ್ಡಾ ವರ್ಷಗಟ್ಟಲೆ ಕಾದು 18 ರೋಗಿಗಳನ್ನು ಒಟ್ಟುಗೂಡಿಸಿತು. ಬೆಂಗಳೂರಿನ ಕಿದ್ವಾಯಿ, ಮುಂಬೈನ ಟಾಟಾದಂಥ ಆಸ್ಪತ್ರೆಗಳಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಗರ್ಭಕಂಠದ ಗಡ್ಡೆಗಳ ಬಯಾಪ್ಸಿ ನಡೆಯುತ್ತದೆ. ವರದಿಗೆ ಬೇಕಾದ ಚೂರು ಫಾರ್ಮಲಿನ್ ಸೀಸೆಗೆ ಬೀಳುತ್ತದೆ, ಅದರೊಳಗಿದ್ದ ಟಿ ಕೋಶಗಳು ಅಲ್ಲೇ ಸಾಯುತ್ತವೆ. ರೋಗಿಯ ಒಪ್ಪಿಗೆ ಪಡೆದು, ರಾಗಿಕಾಳಿನಷ್ಟು ಇನ್ನೊಂದು ಚೂರನ್ನು ಆ ಕೆಂಪು ದ್ರವಕ್ಕೆ ಹಾಕುವ ಏರ್ಪಾಡು ಆಗಬೇಕಾಗಿದೆ.